ಅಂಗದಾನವೂ ನಮ್ಮ ವಿದ್ಯಾರ್ಥಿ ವೃಂದವೂ

ದಾನವೆಂಬ ಶಬ್ದವು ನಮ್ಮ ಜನಕ್ಕೆ ಹೊಸದಲ್ಲ. ಅನ್ನದಾನ, ಗೋದಾನ, ಭೂದಾನ, ವಿದ್ಯಾದಾನ ಎಂಬ ಹೆಸರುಗಳನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ರಕ್ತದಾನವೂ ಈಗ ಹಳೆಯ ಮಾತಾಗಿದೆ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋದ ಹುಡುಗರು ರಕ್ತ ಕೊಟ್ಟು, ಬಾಳೆಹಣ್ಣು ತಿಂದು, ನಗುನಗುತ್ತ ಮನೆಗೆ ಹೋಗುವರು. ಆದರೆ ಅಂಗದಾನವೆಂದೊಡನೆ ಮಾತು ನಿಂತುಬಿಡುತ್ತದೆ. ಅದು ಸಾವಿನ ಸಂಗಡ ಬೆಸೆದುಕೊಂಡಿರುವ ವಿಷಯವಾದುದರಿಂದ ಮನೆಯಲ್ಲಿ ಅದರ ಪ್ರಸ್ತಾಪವೇ ಅಪಶಕುನವೆಂದು ತಿಳಿಯುವವರು ಬಹಳ. ಇಂಥ ವಿಷಯವನ್ನು ನಾವು ವಿದ್ಯಾರ್ಥಿಗಳು ಏಕೆ ಕೈಗೆತ್ತಿಕೊಳ್ಳಬೇಕು, ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುವೆನು.

ನಮ್ಮ ಪುರಾಣಗಳು ಈ ದಾನವನ್ನು ಅರಿಯದವುಗಳಲ್ಲ. ದಧೀಚಿಯು ವಜ್ರಾಯುಧಕ್ಕಾಗಿ ತನ್ನ ಎಲುಬುಗಳನ್ನು ಕೊಟ್ಟನು. ಶಿಬಿಯು ಪಾರಿವಾಳಕ್ಕಾಗಿ ತನ್ನ ಮಾಂಸವನ್ನು ಕೊಟ್ಟನು. ಬೇಡರ ಕಣ್ಣಪ್ಪನು ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟನು. ಇವರೆಲ್ಲ ಬದುಕಿರುವಾಗಲೇ ಕೊಟ್ಟವರು. ಈ ಕಾಲವು ನಮ್ಮಿಂದ ಅಷ್ಟು ದೊಡ್ಡದನ್ನು ಕೇಳುವುದಿಲ್ಲ. ನಮಗೆ ಬೇಡವಾದ ಮೇಲೆ ಕೊಡಿರೆಂದಷ್ಟೇ ಕೇಳುತ್ತದೆ. ೧೯೫೪ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಕಣ್ಣಪ್ಪನಾಗಿ ನಟಿಸಿ ನಾಯಕನಟನೆನಿಸಿದ ಡಾ. ರಾಜಕುಮಾರರು ೨೦೦೬ರ ಏಪ್ರಿಲ್ ೧೨ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಭಂಡಾರವೇ ಇದೆ. ೨೦೧೭ರಲ್ಲಿ ಪಾರ್ವತಮ್ಮನವರ ಕಣ್ಣುಗಳು, ೨೦೨೧ರ ಅಕ್ಟೋಬರ್ ೨೯ರಂದು ತಮ್ಮ ನಲವತ್ತಾರನೆಯ ವಯಸ್ಸಿನಲ್ಲಿಯೇ ಅಗಲಿದ ಪುನೀತರ ಕಣ್ಣುಗಳು ಅದೇ ದಾರಿಯಲ್ಲಿ ಹೋದವು. ಪುನೀತರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತೆಂಬ ಸುದ್ದಿಯನ್ನು ನಮ್ಮೂರಿನಲ್ಲಿ ನಂಬದವರಿದ್ದರು. ಎರಡು ನಾಲ್ಕಾಗುವುದೆಂತು? ಕಣ್ಣಿನ ಮುಂದಿನ ಪಾರದರ್ಶಕ ಪೊರೆಗೆ ಕಾರ್ನಿಯಾ ಎಂದು ಹೆಸರು. ಅದು ಪದರ ಪದರವಾಗಿರುವುದು. ಮುಂಪದರ ಕೆಟ್ಟವರಿಗೆ ಮುಂಪದರವನ್ನೂ ಹಿಂಪದರ ಕೆಟ್ಟವರಿಗೆ ಹಿಂಪದರವನ್ನೂ ಬಿಡಿಸಿ ಕೂಡಿಸಲು ವೈದ್ಯರು ಈಗ ಬಲ್ಲರು. ಆದುದರಿಂದ ಎರಡು ಕಾರ್ನಿಯಾ ನಾಲ್ಕು ಜನಕ್ಕೆ ಸಾಕಾಯಿತು. ಆ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಕೊಡಲು ನಾಡಿನಾದ್ಯಂತ ತರುಣರು ಮುಂದೆ ಬಂದರು. ಒಬ್ಬ ನಟನ ಮರಣವು ನೂರು ಭಾಷಣಗಳು ಮಾಡಲಾರದ ಕೆಲಸವನ್ನು ಮಾಡಿತು. ಆದರೆ ಕೊಟ್ಟ ಹೆಸರು ಬೇರೆ, ಕೊಡುವ ಕಣ್ಣು ಬೇರೆ. ಆ ಮಾತಿಗೆ ಮುಂದೆ ಬರುವೆನು.

ಈ ವಿದ್ಯೆಯು ಬೆಳೆದುಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ೧೯೦೫ರ ಡಿಸೆಂಬರಿನಲ್ಲಿ ಎಡುವಾರ್ಡ್ ಜಿರ್ಮ್ ಎಂಬ ವೈದ್ಯನು ಈಗಿನ ಚೆಕ್ ದೇಶದ ಓಲೊಮೌಟ್ಸ್ ಊರಿನಲ್ಲಿ ಕಾರ್ನಿಯಾದ ಮೊದಲ ಯಶಸ್ವೀ ಕಸಿ ಮಾಡಿದನು. ೧೯೫೪ರಲ್ಲಿ ಅಮೇರಿಕೆಯ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆಯು ಒಬ್ಬ ಅವಳಿಯ ಮೂತ್ರಪಿಂಡವನ್ನು ಇನ್ನೊಬ್ಬ ಅವಳಿಗೆ ಕೂಡಿಸಿದನು. ೧೯೬೭ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡನು ಹೃದಯವನ್ನೇ ಕಸಿ ಮಾಡಿ ಜಗತ್ತನ್ನು ಬೆರಗುಗೊಳಿಸಿದನು. ಪಡೆದವನು ಹದಿನೆಂಟು ದಿನ ಬದುಕಿದನು. ನಮ್ಮ ದೇಶದಲ್ಲಿ ೧೯೯೪ರ ಆಗಸ್ಟ್ ೩ರಂದು ದಿಲ್ಲಿಯಲ್ಲಿ ಡಾ. ವೇಣುಗೋಪಾಲರು ಮೊದಲ ಯಶಸ್ವೀ ಹೃದಯ ಕಸಿಯನ್ನು ನೆರವೇರಿಸಿದರು. ಅದರ ನೆನಪಿಗಾಗಿ ಆ ದಿನವನ್ನೇ ಈಗ ಭಾರತೀಯ ಅಂಗದಾನ ದಿನವೆಂದು ಆಚರಿಸುವರು. 'ಕಸಿ' ಎಂಬ ಶಬ್ದವನ್ನು ವೈದ್ಯರು ತೋಟಗಾರರಿಂದ ಎರವು ತಂದಿದ್ದಾರೆ. ಆಪೂಸ್ ಮಾವಿನ ಟೊಂಗೆಯನ್ನು ಕಾಟು ಮಾವಿಗೆ ಕಟ್ಟುವುದನ್ನು ನೋಡಿದ ಹಳ್ಳಿಯವನಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಗಿಡವು ಪರರ ಟೊಂಗೆಯನ್ನು ಬೇಗ ತನ್ನದೆನ್ನುವುದು. ಮನುಷ್ಯದೇಹವು ಹಾಗೆ ಅನ್ನುವುದಿಲ್ಲವಾದುದರಿಂದ ಪಡೆದವನು ಬಾಳಿನುದ್ದಕ್ಕೂ ಔಷಧ ತಿನ್ನುತ್ತಲೇ ಇರಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ತಪ್ಪು ತಿಳಿಯಲ್ಪಟ್ಟ ವಿಷಯಕ್ಕೆ ಬರೋಣ. ಅದೆಂದರೆ ಮಿದುಳಿನ ಮರಣ. ಮನೆಯಲ್ಲಿ ಉಸಿರು ನಿಂತು, ನಾಡಿ ನಿಂತು ತೀರಿಕೊಂಡವರ ಹೃದಯ, ಯಕೃತ್ತು, ಮೂತ್ರಪಿಂಡಗಳು ಕಸಿಗೆ ಒದಗುವುದಿಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಅವು ಕೆಡತೊಡಗುವುವು. ಆದರೆ ತಲೆಗೆ ಭಾರೀ ಪೆಟ್ಟು ಬಿದ್ದವನ, ಇಲ್ಲವೆ ಮಿದುಳಿನಲ್ಲಿ ರಕ್ತ ಸುರಿದವನ ಸ್ಥಿತಿ ಬೇರೆ. ತಲೆಬುರುಡೆಯ ಗಟ್ಟಿ ಗೂಡಿನೊಳಗೆ ಮಿದುಳು ಬಾತುಕೊಂಡು, ಅದಕ್ಕೆ ರಕ್ತ ಹೋಗುವುದೇ ನಿಂತುಹೋಗುತ್ತದೆ. ಉಸಿರಾಟವನ್ನು ನಡೆಸುವ ಮಿದುಳುಕಾಂಡವು ಸತ್ತುಹೋಗುತ್ತದೆ. ಆದರೂ ಯಂತ್ರವು ಗಾಳಿಯನ್ನು ಒಳಗೆ ತಳ್ಳುತ್ತಿರುವುದರಿಂದ, ಹೃದಯಕ್ಕೆ ತನ್ನದೇ ಆದ ಮಿಡಿತದ ಶಕ್ತಿಯಿರುವುದರಿಂದ, ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಬುಡ ಕಡಿದುಬಿದ್ದ ತೇಗದ ಎಲೆಗಳು ಎರಡು ದಿನ ಹಸಿರಾಗಿಯೇ ಇರುವುದನ್ನು ನಮ್ಮ ಕಾಡಿನ ಸೀಮೆಯವರು ಕಂಡಿದ್ದಾರೆ. ಆ ಹಸಿರನ್ನು ನೋಡಿ ಮರ ಚಿಗುರೀತೆಂದು ಯಾರೂ ಕಾಯುವುದಿಲ್ಲ. ಆದರೆ ಮಂಚದ ಮೇಲೆ ಮಲಗಿದವನು ಮಗನಾದಾಗ ತಾಯಿಯು ಕಾಯದೆ ಏನು ಮಾಡಿಯಾಳು?

ಇದನ್ನು ಕೋಮಾ ಎಂಬ ಮೂರ್ಛೆಯೊಡನೆ ಬೆರೆಸಬಾರದು. ಕೋಮಾದಲ್ಲಿರುವವನು ಬದುಕಿರುವವನು, ಎಚ್ಚತ್ತರೂ ಎಚ್ಚರಬಹುದು. ಮಿದುಳುಕಾಂಡ ಸತ್ತವನು ಮರಳಲಾರ. ಇದನ್ನು ನಿರ್ಣಯಿಸಲು ಕಾಯಿದೆಯು ನಾಲ್ವರು ವೈದ್ಯರ ಮಂಡಲಿಯನ್ನು ವಿಧಿಸಿದೆ. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುವುದೋ, ಕಾರ್ನಿಯಾವನ್ನು ಮುಟ್ಟಿದರೆ ರೆಪ್ಪೆ ಅಲುಗುವುದೋ, ಕಿವಿಗೆ ತಣ್ಣೀರು ಹಾಕಿದರೆ ಕಣ್ಣು ಹೊರಳುವುದೋ, ಯಂತ್ರವನ್ನು ಬಿಡಿಸಿದಾಗ ತಾನಾಗಿ ಒಂದಾದರೂ ಉಸಿರು ಎಳೆಯುವನೋ ಎಂದು ಪರೀಕ್ಷಿಸುವರು. ಕಡಿಮೆಯೆಂದರೆ ಆರು ತಾಸು ಬಿಟ್ಟು ಮತ್ತೊಮ್ಮೆ ಅದೇ ಪರೀಕ್ಷೆಗಳನ್ನು ಮಾಡುವರು. ಆ ನಾಲ್ವರಲ್ಲಿ ಯಾರೊಬ್ಬರೂ ಅಂಗವನ್ನು ಕಸಿ ಮಾಡುವ ತಂಡಕ್ಕೆ ಸೇರಿದವರಾಗಿರಕೂಡದು. 'ದಾನಿಯೆಂದು ಹೆಸರು ಕೊಟ್ಟರೆ ದವಾಖಾನೆಯಲ್ಲಿ ಬದುಕಿಸಲು ಯತ್ನಿಸುವುದಿಲ್ಲ' ಎಂಬ ಹೆದರಿಕೆಗೆ ಉತ್ತರ ಈ ನಿಯಮದಲ್ಲಿದೆ. ವಿದ್ಯಾರ್ಥಿಯಾದವನು ಬೇರೆ ಏನನ್ನು ಮರೆತರೂ ಈ ನಾಲ್ಕು ಜನ, ಎರಡು ಪರೀಕ್ಷೆ, ಆರು ತಾಸು ಎಂಬುದನ್ನು ನೆನಪಿನಲ್ಲಿಡಬೇಕು. ಹಳ್ಳಿಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು.

ಕಾಯಿದೆಯು ೧೯೯೪ರದು, ೨೦೧೧ರಲ್ಲಿ ತಿದ್ದುಪಡಿಯಾಗಿ ಚರ್ಮ, ಎಲುಬು, ಹೃದಯದ ಕವಾಟ ಮುಂತಾದ ಅಂಗಾಂಶಗಳೂ ಅದರಲ್ಲಿ ಸೇರಿದವು. ಅದಕ್ಕೂ ಮೊದಲು ನಮ್ಮ ದೇಶದಲ್ಲಿ ಬಡವರ ಮೂತ್ರಪಿಂಡಗಳ ಮಾರಾಟ ನಡೆಯುತ್ತಿತ್ತೆಂಬುದು ನಾಚಿಕೆಗೇಡಿನ ಇತಿಹಾಸ. ಈಗ ಅಂಗವನ್ನು ಕೊಳ್ಳುವುದೂ ಮಾರುವುದೂ ಐದರಿಂದ ಹತ್ತು ವರ್ಷಗಳ ಸೆರೆಮನೆಗೆ, ಇಪ್ಪತ್ತು ಲಕ್ಷದಿಂದ ಕೋಟಿ ರೂಪಾಯಿಯವರೆಗಿನ ದಂಡಕ್ಕೆ ಗುರಿಮಾಡುವ ಅಪರಾಧ. ನಮ್ಮ ರಾಜ್ಯದಲ್ಲಿ ೨೦೦೭ರಿಂದ ಒಂದು ಸಮನ್ವಯ ಸಮಿತಿಯು ಕೆಲಸಮಾಡುತ್ತ ಬಂದು, ಈಗ 'ಜೀವಸಾರ್ಥಕತೆ' ಎಂಬ ಹೆಸರಿನಿಂದ ಪರಿಚಿತವಾಗಿದೆ. ಯಾವ ಅಂಗವು ಯಾರಿಗೆ ಹೋಗಬೇಕೆಂಬುದನ್ನು ಕಾಯುವವರ ಪಟ್ಟಿಯ ಮೇರೆಗೆ ಅದು ಗೊತ್ತುಪಡಿಸುವುದು. ೨೦೨೩ನೆಯ ಇಸವಿಯಲ್ಲಿ ಕರ್ನಾಟಕದಲ್ಲಿ ೧೭೮ ಮಂದಿ ಮರಣಾನಂತರ ಅಂಗದಾನಿಗಳಾದರು. ಇಡೀ ಭಾರತದಲ್ಲಿ ೧೦೯೯. ನೂರನಲವತ್ತು ಕೋಟಿ ಜನರಿರುವ ದೇಶಕ್ಕೆ ಇದು ಹತ್ತು ಲಕ್ಷಕ್ಕೆ ಒಬ್ಬನೂ ಅಲ್ಲ. ಅದೇ ವರ್ಷ ಸ್ಪೇನ್ ದೇಶದಲ್ಲಿ ಹತ್ತು ಲಕ್ಷಕ್ಕೆ ಸುಮಾರು ನಲವತ್ತೊಂಬತ್ತು. ಬೇಡವೆಂದು ಹೇಳದವರೆಲ್ಲ ದಾನಿಗಳೆಂದು ಭಾವಿಸುವ ಕಾನೂನು ಅಲ್ಲಿ ೧೯೭೯ರಿಂದ ಇದೆ. ಆದರೂ ಅಲ್ಲಿಯ ವೈದ್ಯರು ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ದಾನಗಳು ಹೆಚ್ಚಿದುದು ೧೯೮೯ರ ನಂತರ, ಆಸ್ಪತ್ರೆಗಳಲ್ಲಿ ಮನೆಯವರೊಡನೆ ಮಾತಾಡಬಲ್ಲ ಜನರನ್ನು ನೇಮಿಸಿದ ಮೇಲೆ. ಕಾನೂನಿಗಿಂತ ಮಾತು ಹೆಚ್ಚಿನದೆಂದು ನಾನು ಇದರಿಂದ ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿಯೂ ಇಂಥ ಪ್ರಸಂಗಗಳು ಇಲ್ಲದಿಲ್ಲ. ೨೦೧೬ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಯ ಅಪಘಾತಕ್ಕೆ ಸಿಕ್ಕಿ ದೇಹವೇ ಎರಡಾಗಿದ್ದ ತರುಣನೊಬ್ಬನು, ನನ್ನ ಅಂಗಗಳನ್ನು ದಾನಮಾಡಿರೆಂದು ಹೇಳಿ ಪ್ರಾಣಬಿಟ್ಟನು. ಅವನ ಕಣ್ಣುಗಳು ದಾನವಾದವು. ಅಪಘಾತಕ್ಕೊಳಗಾದವರ ಚಿಕಿತ್ಸೆಗೆ ಸರಕಾರವು ತಂದ 'ಸಾಂತ್ವನ ಹರೀಶ್' ಯೋಜನೆಗೆ ಅವನ ಹೆಸರನ್ನೇ ಇಟ್ಟರು. ೨೦೨೧ರ ಜೂನಿನಲ್ಲಿ ಬೈಕಿನಿಂದ ಬಿದ್ದು ಮಿದುಳಿನ ಮರಣಕ್ಕೀಡಾದ ನಟ ಸಂಚಾರಿ ವಿಜಯರ ಅಂಗಗಳನ್ನು ಅವರ ಮನೆಯವರು ಕೊಟ್ಟರು. ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡಿದುದು ೨೦೨೨ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ನಡೆದುದು. ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳು. ಮಿದುಳು ಸತ್ತಿದೆಯೆಂದು ವೈದ್ಯರು ನಿರ್ಣಯಿಸಿದರು. ಹದಿನೆಂಟು ತುಂಬದವರ ವಿಷಯದಲ್ಲಿ ಒಪ್ಪಿಗೆ ಕೊಡುವವರು ತಂದೆತಾಯಿಗಳು. ಅವರು ಸಾಮಾನ್ಯ ಜನ, ದೊಡ್ಡ ಓದು ಓದಿದವರಲ್ಲ, ಅವರು ಒಪ್ಪಿದರು. ಚಿಕ್ಕಮಗಳೂರಿನ ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲಿಯೇ ಅಂಗಗಳನ್ನು ತೆಗೆದು, ಹೃದಯವನ್ನು ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಒಯ್ದರು. ಹೃದಯವು ದೇಹದ ಹೊರಗೆ ನಾಲ್ಕರಿಂದ ಆರು ತಾಸು ಮಾತ್ರ ತಾಳುತ್ತದೆ. ಯಕೃತ್ತು ಹನ್ನೆರಡು ತಾಸಿನ ಸುಮಾರು. ಮೂತ್ರಪಿಂಡ ಒಂದು ದಿನ, ಕೆಲವೊಮ್ಮೆ ಹೆಚ್ಚು. ದೊಡ್ಡ ಊರಿನ ದೊಡ್ಡ ದವಾಖಾನೆಯಲ್ಲಿ ಮಾತ್ರ ಆಗುವ ಕೆಲಸವಿದು ಎಂಬ ಭಾವನೆಯನ್ನು ಆ ಜಿಲ್ಲಾ ಆಸ್ಪತ್ರೆ ಹುಸಿಮಾಡಿತು.

ನಮ್ಮ ಕಡೆಯ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ನನ್ನ ಊರು ಕುಳಗಿ. ಹೊರಗಿನವರು ಅದನ್ನು ಅರಣ್ಯ ಇಲಾಖೆಯ ನಿಸರ್ಗ ಶಿಬಿರದಿಂದ ಬಲ್ಲರು. ಅಲ್ಲಿಂದ ದಾಂಡೇಲಿಗೆ ಬಂದು, ಹಳಿಯಾಳ ದಾಟಿ, ಧಾರವಾಡವನ್ನೋ ಹುಬ್ಬಳ್ಳಿಯನ್ನೋ ಮುಟ್ಟಿದ ಮೇಲೆಯೇ ದೊಡ್ಡ ಆಸ್ಪತ್ರೆ. ತಲೆಗೆ ಪೆಟ್ಟು ಬಿದ್ದವನನ್ನು ಗೋವೆಗೆ ಒಯ್ಯುವುದೋ ಧಾರವಾಡಕ್ಕೋ ಎಂದು ಅಂಗಳದಲ್ಲಿ ನಿಂತು ಚರ್ಚಿಸುವುದು ನಮ್ಮಲ್ಲಿ ಹೊಸದಲ್ಲ. ೨೦೨೨ರಲ್ಲಿ ಈ ಜಿಲ್ಲೆಯ ಜನರು ಸುಸಜ್ಜಿತ ಆಸ್ಪತ್ರೆ ಬೇಕೆಂದು ಎದ್ದು ನಿಂತುದು ಇದೇ ಸಂಕಟದಿಂದ. ಅದೇ ವರ್ಷದ ಜುಲೈಯಲ್ಲಿ ಧಾರವಾಡದಲ್ಲಿ ದಾನವಾದ ಹೃದಯವೊಂದನ್ನು ಪೋಲೀಸರು ದಾರಿ ತೆರವು ಮಾಡಿಕೊಟ್ಟು ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಗೆ ಮುಟ್ಟಿಸಿದರು. ಅಂದಮೇಲೆ ನಾವು ಹೋಗಿ ಸೇರುವ ಆಸ್ಪತ್ರೆಗಳಲ್ಲಿ ಈ ಕೆಲಸ ನಡೆಯುತ್ತಿದೆ. ಕುಳಗಿಯವನಿಗೆ ಇದು ಸಂಬಂಧಿಸಿದುದಲ್ಲವೆಂದು ಹೇಳುವಂತಿಲ್ಲ.

ಇಲ್ಲಿ ನನ್ನ ಮುಖ್ಯ ವಿಚಾರಕ್ಕೆ ಬರುತ್ತೇನೆ. ಹದಿನೆಂಟು ವರ್ಷ ತುಂಬಿದ ಯಾರೇ ಆಗಲಿ ಅಂಗದಾನಕ್ಕೆ ಹೆಸರು ನೋಂದಾಯಿಸಬಹುದು. ೨೦೨೩ರಿಂದ ಆಧಾರ್ ಸಂಖ್ಯೆಯ ಮೂಲಕ ಮೊಬೈಲಿನಲ್ಲಿಯೇ ರಾಷ್ಟ್ರೀಯ ಸಂಸ್ಥೆಯಲ್ಲಿ ಹೆಸರು ದಾಖಲಿಸುವ ಏರ್ಪಾಡಾಗಿದೆ, ಜೀವಸಾರ್ಥಕತೆಯಲ್ಲಿಯೂ ದಾಖಲಿಸಬಹುದು. ವಾಹನ ಚಾಲನೆಯ ಪರವಾನಿಗೆಯ ಅರ್ಜಿಯಲ್ಲಿಯೂ ಈ ಬಗ್ಗೆ ಒಂದು ಪ್ರಶ್ನೆಯಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದದೆಯೇ ದಾಟಿಬಿಡುತ್ತೇವೆ. ಇಷ್ಟಾದರೂ ಆ ಗಳಿಗೆ ಬಂದಾಗ ವೈದ್ಯರು ಕೇಳುವುದು ಮನೆಯವರನ್ನು. ಮನೆಯವರು ಬೇಡವೆಂದರೆ ಕಾರ್ಡು ಕಿಸೆಯಲ್ಲಿಯೇ ಉಳಿಯುವುದು. ಕಾಗದದ ಪ್ರತಿಜ್ಞೆಗೆ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬನಾದರೂ ಹತ್ತಿರದ ಸಂಬಂಧಿಕನಾಗಿರಬೇಕು ಎಂದು ಕಾಯಿದೆ ಹೇಳುವುದು ಬಹು ವಿವೇಕದ ಮಾತು. ಸಮಾರಂಭದ ದಿನ ನೂರಾರು ಹುಡುಗರು ಒಮ್ಮೆಲೆ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿ, ಛಾಯಾಚಿತ್ರ ತೆಗೆಸಿಕೊಂಡು, ಮನೆಯಲ್ಲಿ ತುಟಿ ಪಿಟಕ್ಕೆನ್ನದಿದ್ದರೆ ಅಂಥ ನೋಂದಣಿಯಿಂದ ಸಂಖ್ಯೆ ಬೆಳೆದೀತು, ದಾನ ಬೆಳೆಯಲಾರದು. ನನ್ನ ಮಾತು ಕಟುವೆನಿಸಿದರೆ ಸೇವಾ ಯೋಜನೆಯ ಗೆಳೆಯರು ಮನ್ನಿಸಬೇಕು.

ಹಾಗಾದರೆ ವಿದ್ಯಾರ್ಥಿಯೇ ಏಕೆ? ನಮ್ಮಂಥ ಮನೆಗಳಲ್ಲಿ ಕಾಲೇಜಿಗೆ ಬಂದವರಲ್ಲಿ ನಾವೇ ಮೊದಲಿಗರು. ಪಡಿತರ ಚೀಟಿಯ ಅರ್ಜಿ, ಬ್ಯಾಂಕಿನ ಕಾಗದ, ವಿದ್ಯುತ್ತಿನ ಬಿಲ್ಲು, ದವಾಖಾನೆಯ ಚೀಟಿ ಏನು ಬಂದರೂ ಓಣಿಯವರು 'ಕಾಲೇಜಿಗೆ ಹೋಗುವ ಹುಡುಗನನ್ನು ಕರೆಯಿರಿ' ಅನ್ನುವರು. ಹುಬ್ಬಳ್ಳಿಯ ಆಸ್ಪತ್ರೆಯ ಪಡಸಾಲೆಯಲ್ಲಿ ವೈದ್ಯನೊಬ್ಬನು ಒಪ್ಪಿಗೆಯ ಕಾಗದವನ್ನು ಹಿಡಿದು ನಿಂತಾಗಲೂ ಅದನ್ನು ಓದಿ ಹೇಳಬೇಕಾದವರು ನಾವೇ. ಅಳುವವರ ನಡುವೆ ನಿಂತು, ಅಣ್ಣನ ಮೈ ಬೆಚ್ಚಗಿದ್ದರೂ ಅವನು ಹೋಗಿದ್ದಾನೆಂದು ತಾಯಿಗೆ ಹೇಳಬೇಕಾದವರು ನಾವೇ. ಆ ದಿನವೇ ಮೊದಲ ಬಾರಿಗೆ ಓದಿದರೆ ನಮಗೇ ಅರ್ಥವಾಗದು, ಇನ್ನು ಅವರಿಗೆ ಹೇಳುವುದೆಂತು? ಪರೀಕ್ಷೆಯ ಹಿಂದಿನ ರಾತ್ರಿಯ ಓದು ಎಷ್ಟು ಕೆಲಸಕ್ಕೆ ಬರುತ್ತದೆಂಬುದು ನಮಗೆಲ್ಲ ಗೊತ್ತಿದ್ದುದೇ. ಆದುದರಿಂದ ನೋಂದಣಿಯನ್ನು ನಾನು ಮನೆಯಲ್ಲಿ ಮಾತು ತೆಗೆಯುವುದಕ್ಕೊಂದು ನೆಪವೆಂದು ತಿಳಿಯುತ್ತೇನೆ. ಕಾಗದದ ಮೇಲೆ ಸಾಕ್ಷಿಯ ರುಜು ಬೇಕೆಂದು ತಂದೆಯ ಮುಂದೆ ಕುಳಿತುಕೊಂಡರೆ ಮಾತು ಆಡದೆ ಗತ್ಯಂತರವಿಲ್ಲ.

ದೀಪಾವಳಿಯ ಬಿಡುವಿನಲ್ಲಿ ಊರಲ್ಲಿ ಕೆಲವು ಮನೆಗಳಲ್ಲಿ ನಾನು ಈ ಮಾತು ತೆಗೆದು ನೋಡಿದೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟುವೆನೆಂದು ಒಬ್ಬ ಅಜ್ಜಿ ಅಂದಳು. ಸುಟ್ಟ ಮೇಲೆ ಏನೂ ಉಳಿಯದಿದ್ದರೂ ಎಲ್ಲ ಅಂಗಗಳೊಡನೆ ಹುಟ್ಟುವೆವೆಂದು ನಂಬುವುದಾದರೆ ಕಣ್ಣಿಗೊಂದಕ್ಕೇ ಈ ಹೆದರಿಕೆ ಏಕೆಂದು ಅವಳ ಮೊಮ್ಮಗಳೇ ಕೇಳಿದಳು. ಅಜ್ಜಿ ನಕ್ಕಳು, ಒಪ್ಪಲಿಲ್ಲ. ಹೂಳುವ ಪದ್ಧತಿಯವರ ಚಿಂತೆ ಬೇರೆ. ಲಿಂಗಾಯತರು, ಮುಸಲ್ಮಾನರು, ಕ್ರೈಸ್ತರು, ಹಿಂದೂ, ಮುಸಲ್ಮಾನ, ಕ್ರೈಸ್ತ ಮತಗಳಲ್ಲಿ ಹರಡಿರುವ ನಮ್ಮ ಸಿದ್ದಿ ಬಂಧುಗಳು, ದೇಹವನ್ನು ಹೇಗೆ ಹಿಂದಿರುಗಿಸುವರೆಂದು ಕೇಳುವರು. ಅಂಗಗಳನ್ನು ತೆಗೆದ ನಂತರ ಸಾಮಾನ್ಯ ಶಸ್ತ್ರಕ್ರಿಯೆಯಲ್ಲಿ ಮಾಡುವಂತೆ ಹೊಲಿದು ಕೊಡುವರು. ಕಣ್ಣು ಕೊಟ್ಟವರ ಮುಖ ಮಲಗಿದಂತೆಯೇ ಕಾಣುವುದು. ಕೊನೆಯ ಸಂಸ್ಕಾರಕ್ಕೆ ಯಾವ ಅಡ್ಡಿಯೂ ಇಲ್ಲ. ನನ್ನನ್ನು ಕಟ್ಟಿಹಾಕಿದ ಪ್ರಶ್ನೆ ಇನ್ನೊಂದು. 'ನಮ್ಮಂಥವರು ಕೊಡುವುದು, ಹಣವಿದ್ದವರು ಹಾಕಿಸಿಕೊಳ್ಳುವುದು ಅಲ್ಲವೇನೋ?' ಎಂದು ಒಬ್ಬ ಗೌಳಿ ಹಿರಿಯನು ಕೇಳಿದನು. ಇದಕ್ಕೆ ಸುಲಭವಾದ ಉತ್ತರವಿಲ್ಲ. ಕಸಿಯ ಶಸ್ತ್ರಕ್ರಿಯೆಗಳು ಹೆಚ್ಚಾಗಿ ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುವುವೆಂಬುದು ನಿಜ. ಬಡ ಕುಟುಂಬಗಳ ಕಸಿಯ ವೆಚ್ಚಕ್ಕೆ ರಾಜ್ಯ ಸರಕಾರವು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವು ಕೊಡುವುದೂ ನಿಜ; ಬೆಂಗಳೂರಿನ ಸರಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿ ಮೂತ್ರಪಿಂಡದ ಕಸಿ ನಡೆಯುವುದೂ ನಿಜ. ಇಷ್ಟನ್ನು ಅವನಿಗೆ ಹೇಳಿದೆ. ಇದರ ಸಂಗಡ ಇನ್ನೊಂದು ಅಸಮತೆಯನ್ನೂ ನೆನೆಯಬೇಕು. ಬದುಕಿರುವಾಗಲೇ ಮೂತ್ರಪಿಂಡ ಕೊಡುವವರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಮರಣಾನಂತರದ ದಾನ ಬೆಳೆದಷ್ಟೂ ತಾಯಂದಿರ, ಹೆಂಡಂದಿರ ಮೇಲಿನ ಈ ಹೊರೆ ಇಳಿದೀತು.

ಕುಳಗಿಯಂಥ ಊರಿಗೆ ಎಲ್ಲಕ್ಕಿಂತ ಸಮೀಪವಾದುದು ನೇತ್ರದಾನ. ಅದಕ್ಕೆ ಮಿದುಳಿನ ಮರಣವೂ ಬೇಡ, ಯಂತ್ರವೂ ಬೇಡ. ಮನೆಯಲ್ಲಿ ವಯಸ್ಸಾಗಿ ತೀರಿಕೊಂಡವರೂ ಕೊಡಬಹುದು. ಬಿಳಗಿಯಲ್ಲಿ ಹುಟ್ಟಿದ, ಊರೂರಿಗೆ ಶಿಬಿರ ಕಟ್ಟಿಕೊಂಡು ಹೋಗಿ ಸಾವಿರಾರು ಜನರ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ಹೇಳುವರು. ಆದರೆ ಪೊರೆ ಬೇರೆ, ಕಾರ್ನಿಯಾದ ಕುರುಡು ಬೇರೆ. ಪೊರೆಗೆ ಶಸ್ತ್ರಕ್ರಿಯೆ ಸಾಕು. ಭತ್ತ ಬಡಿಯುವಾಗ ಹೊಟ್ಟು ಸಿಡಿದು, ಕಬ್ಬಿನ ಗರಿ ಗೀರಿ, ಮುಳ್ಳು ತಾಗಿ ಹುಣ್ಣಾಗಿ ಕಣ್ಣ ಮೇಲೆ ಬಿಳಿಯ ಕಲೆ ಕೂತವನಿಗೆ ಇನ್ನೊಬ್ಬರ ಕಾರ್ನಿಯಾ ಹೊರತು ಬೇರೆ ದಾರಿ ಬಹಳಮಟ್ಟಿಗೆ ಇಲ್ಲ. ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡಕ ಹಾಕಿದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ರೋಗದವರು ಕೂಡ ಕಣ್ಣು ಕೊಡಬಹುದು. ಹುಚ್ಚುನಾಯಿ ರೋಗ, ಏಡ್ಸ್, ರಕ್ತದ ನಂಜು, ಕೆಲವು ಬಗೆಯ ಕಾಮಾಲೆಗಳಿಂದ ತೀರಿಕೊಂಡವರ ಕಣ್ಣುಗಳನ್ನು ತೆಗೆದುಕೊಳ್ಳುವುದಿಲ್ಲ.

ಸಮಯ ಮಾತ್ರ ಕಡಿಮೆ. ಉಸಿರು ನಿಂತ ಆರು ತಾಸಿನೊಳಗೆ ನೇತ್ರ ಭಂಡಾರದವರು ಬಂದು ಮುಟ್ಟಬೇಕು; ಬಂದ ಮೇಲೆ ಅವರ ಕೆಲಸ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಲ್ಲ. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಹತ್ತಿಯನ್ನಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಬೀಸಣಿಗೆಯನ್ನು ನಿಲ್ಲಿಸಬೇಕು. ಮಳೆಗಾಲದ ರಾತ್ರಿ, ಕಾಡಿನ ದಾರಿ, ಮೊಬೈಲಿಗೆ ಸಂಕೇತ ಸಿಗದ ತಿರುವುಗಳು ಇವನ್ನೆಲ್ಲ ಲೆಕ್ಕಹಾಕಿದರೆ ಯಾರಿಗೆ ಕರೆ ಮಾಡಬೇಕೆಂದು ಆಗ ಹುಡುಕುತ್ತ ಕುಳಿತರೆ ಆರು ತಾಸು ಅಲ್ಲಿಯೇ ಮುಗಿಯುವುದು. ಅದಕ್ಕಾಗಿ ಹುಬ್ಬಳ್ಳಿ, ಧಾರವಾಡಗಳ ನೇತ್ರ ಭಂಡಾರಗಳ ಸಂಖ್ಯೆಗಳನ್ನು ವಿಚಾರಿಸಿ, ಒಂದೊಂದಕ್ಕೂ ಮೊದಲೇ ಕರೆ ಮಾಡಿ, ಕುಳಗಿಗೆ ರಾತ್ರಿ ಬರುವಿರಾ, ಇಲ್ಲವೆ ದಾಂಡೇಲಿಯವರೆಗೆ ನಾವೇ ಯಾರನ್ನಾದರೂ ಕಳಿಸಬೇಕೇ ಎಂದು ಕೇಳಿ, ಸಿಕ್ಕ ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಿರಾಣಿ ಅಂಗಡಿಯ ಗೋಡೆಗೂ ಅಂಗನವಾಡಿಯ ಬಾಗಿಲಿಗೂ ಅಂಟಿಸಬೇಕೆಂದು ನಾವು ನಾಲ್ಕು ಜನ ಗೊತ್ತುಮಾಡಿಕೊಂಡಿದ್ದೇವೆ. ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದ ಬರುವ ಗೆಳೆಯರು ತಮ್ಮ ತಮ್ಮ ಊರಿಗೆ ಇದೇ ಹಾಳೆಯನ್ನು ಒಯ್ಯಬಹುದು. ಕನ್ನಡದ ಮತ್ತು ಮರಾಠಿಯ ಪ್ರತಿಗಳನ್ನು ಬರೆಯುವ ಕೆಲಸ ನನ್ನದು. ಉರ್ದುವಿನಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲವರೊಬ್ಬರು ಬೇಕಾಗಿದ್ದಾರೆ, ವಾಚನಾಲಯದಲ್ಲಿ ನನ್ನನ್ನು ಕಾಣಬಹುದು.